ಒಣಗಿದ ಗೂಡಿಗೆ ಯಾವ ಅವಸರ

ನಮ್ಮಜ್ಜಿ ಅಕ್ಕಯ್ಯಮ್ಮನಿಗೆ ಎಡಗಡೆ ದವಡೆ ಹಲ್ಲುಗಳಿಲ್ಲ. ಬೇರೆ ಬೇರೆ ವರ್ಷಗಳಲ್ಲಿ ಬೇರೆ ಬೇರೆ ಡಾಕ್ಟರುಗಳ ಮುಂದೆ ಕೂತು, "ಕಿತ್ತಾಕಪ್ಪ, ಸಾಕಾಗೋಗದೆ" ಎಂದು ಅವಳೇ ಹೇಳಿ ಕೀಳಿಸಿಕೊಂಡವು ಅವು. ಬಲಗಡೆ ಕೆಳಗೆ ಒಂದು, ಅದರ ನೇರಕ್ಕೆ ಮೇಲೆ ಒಂದು. ಒಂದಕ್ಕೊಂದು ತಾಗುವಂಥವು ಉಳಿದದ್ದು ಇಷ್ಟೇ. ಈ ಒಂದು ಜೋಡಿಯಿಂದ ಅವಳು ನಲ್ಲಿಮೂಳೆ ಕಡಿಯುತ್ತಿದ್ದಳು.

ಇದು ಮನೆಯೊಳಗಿನ ಸಂಗತಿಯಾಗಿ ಉಳಿದಿರಲಿಲ್ಲ. ಶಿಡ್ಲಘಟ್ಟದಿಂದ ಚಿಕ್ಕಬಳ್ಳಾಪುರದವರೆಗೆ ನೆಂಟರ ಯಾವ ಬೀಗರೂಟಕ್ಕೆ ಹೋದರೂ, ಬಡಿಸುವವರು ಅಜ್ಜಿಯ ಎಲೆಯ ಹತ್ತಿರ ಬಂದಾಗ ಸೌಟನ್ನು ಪಾತ್ರೆಯ ತಳಕ್ಕಿಳಿಸಿ ಹುಡುಕುತ್ತಿದ್ದರು. ಅವಳು ಮೂಳೆಯನ್ನು ಎರಡೂ ಕೈಯಲ್ಲಿ ಹಿಡಿದು, ತಲೆಯನ್ನು ಸ್ವಲ್ಪ ಬಲಕ್ಕೆ ವಾಲಿಸಿ, ಒಂದೇ ಸಲ ಕಚ್ಚುವಳು. ಟಪ್ ಎನ್ನುವ ಸದ್ದು ಎದುರಿನ ಸಾಲಿಗೂ ಕೇಳಿಸುತ್ತಿತ್ತು. ಆಮೇಲೆ ಒಳಗಿನ ಮಜ್ಜೆಯನ್ನು ಹೀರಿ, ಖಾಲಿ ಮೂಳೆಯನ್ನು ಎಲೆಯ ತುದಿಗೆ ಸಾಲಾಗಿ ಜೋಡಿಸುವಳು. ಒಬ್ಬ ಚಿಕ್ಕಪ್ಪ ಅದನ್ನು ವಿಡಿಯೋ ಮಾಡಿ ನೆಂಟರ ವಾಟ್ಸಾಪ್ ಗುಂಪಿಗೆ ಹಾಕಿದ್ದರು. ಅರವತ್ತೇಳು ವರ್ಷದ ಹೆಂಗಸಿಗೆ ನಲವತ್ತೆರಡು ಬೆಂಕಿ ಚಿತ್ರಗಳು ಬಂದವು.

ನೋವು ಶುರುವಾದದ್ದು ಶಿವರಾತ್ರಿ ಕಳೆದ ವಾರ, ಬಲಗಡೆ ಕೆಳಗಿನ ಆ ಹಲ್ಲಿಗೇ. ಮೊದಲು ತಣ್ಣೀರಿಗೆ ಚುಳ್ ಎನ್ನುತ್ತಿತ್ತು. ಆಮೇಲೆ ಬಿಸಿ ಕಾಫಿಗೆ. ಕೊನೆಗೆ ಸುಮ್ಮನೆ ಕೂತರೂ ಕಿವಿಯವರೆಗೆ ಎಳೆಯತೊಡಗಿತು. ಅಜ್ಜಿ ಲವಂಗ ಅರೆದು ಇಟ್ಟಳು. ಉಪ್ಪುನೀರು ಮುಕ್ಕಳಿಸಿದಳು. ಯಾರೋ ಹೇಳಿದರೆಂದು ಹೊಗೆಸೊಪ್ಪಿನ ಕಡ್ಡಿಪುಡಿ ಒತ್ತಿದಳು. ಅದರಿಂದ ವಾಂತಿಯಾಯಿತು, ನೋವು ಇದ್ದಲ್ಲೇ ಇತ್ತು.

ಶಿಡ್ಲಘಟ್ಟದಲ್ಲಿ ಮನೆಯ ಹಿಂದೆಯೇ ನಮ್ಮದೊಂದು ಚಿಕ್ಕ ಫಿಲೇಚರ್ ಇದೆ. ರೇಷ್ಮೆ ಗೂಡನ್ನು ಬಿಸಿನೀರಿಗೆ ಹಾಕಿ ನೂಲು ಬಿಚ್ಚುವ ಜಾಗ. ಅಪ್ಪ ಮೋಹನ್‌ಬಾಬು ಬೆಳಿಗ್ಗೆ ಮಾರ್ಕೆಟ್ಟಿಗೆ ಹೋಗಿ ಗೂಡು ಹಿಡಿದು ತರುತ್ತಾರೆ. ಒಳಗಿನ ಯಜಮಾನಿಕೆ ಅಜ್ಜಿಯದು. ತಂದ ಗೂಡಿನೊಳಗೆ ಹುಳ ಇನ್ನೂ ಬದುಕಿರುತ್ತದೆ. ಹಾಗೇ ಬಿಟ್ಟರೆ ಅದು ಚಿಟ್ಟೆಯಾಗಿ ಗೂಡನ್ನು ತೂತು ಮಾಡಿಕೊಂಡು ಹೊರಬರುತ್ತದೆ, ಆಮೇಲೆ ಆ ಗೂಡಿನಿಂದ ನೂಲು ಬಾರದು. ಅದಕ್ಕೇ ಬಿಸಿಗಾಳಿಯ ಪೆಟ್ಟಿಗೆಯಲ್ಲಿಟ್ಟು ಹುಳವನ್ನು ಸಾಯಿಸಿ ಒಣಗಿಸುತ್ತಾರೆ. ಎಷ್ಟು ಒಣಗಿದೆ ಎಂಬುದನ್ನು ಅಜ್ಜಿ ಗೂಡನ್ನು ಕಿವಿಯ ಹತ್ತಿರ ಅಲುಗಿಸಿ ಹೇಳುತ್ತಾಳೆ. ಅವಳು ಹೂಂ ಎಂದರೆ ಚೀಲಕ್ಕೆ, ಊಹೂಂ ಎಂದರೆ ವಾಪಸ್ ಪೆಟ್ಟಿಗೆಗೆ.

"ಕೀಳಿಸಾಕಿ ಅಕ್ಕಯ್ಯಮ್ಮ," ಎಂದ ಮುನಿಶಾಮಿ. ಅವನು ಇಪ್ಪತ್ತು ವರ್ಷದಿಂದ ನಮ್ಮಲ್ಲಿ ನೂಲು ಬಿಚ್ಚುವವನು, ಕೈ ಬಿಸಿನೀರಿನಲ್ಲಿದ್ದರೂ ಬಾಯಿ ಬಿಡುವಾಗಿಯೇ ಇರುತ್ತದೆ. "ಮುದ್ದೆ ನುಂಗಕ್ಕೆ ಹಲ್ಲು ಯಾಕೆ? ನಾಲಿಗೆ ಇದ್ರೆ ಸಾಕು. ನಿಮ್ಗೆ ಅದಕ್ಕೇನು ಕಮ್ಮಿ ಇಲ್ಲ."

"ನಿನ್ನ ನಾಲಿಗೆ ಮೊದ್ಲು ಬಿಸಿನೀರಿಗೆ ಹಾಕ್ತೀನಿ ಇರು. ಎಷ್ಟು ಮೀಟ್ರು ನೂಲು ಬತ್ತದೋ ನೋಡಣ."

ಅಪ್ಪನದೂ ಅದೇ ಮಾತು. "ಕೀಳಿಸ್ಬಿಡಮ್ಮ. ಮೇ ತಿಂಗಳಲ್ಲಿ ಮದುವೆ ಇಟ್ಕೊಂಡು ನೋವಲ್ಲಿ ಓಡಾಡಕ್ಕಾಗ್ತದಾ?"

ಮದುವೆ ನಮ್ಮಣ್ಣ ಚೈತನ್ಯನದು. ಹೆಣ್ಣು ಗೌರಿಬಿದನೂರಿನ ಕಡೆಯದು.

"ಅದೇ ಕಣಪ್ಪ ನಾನೂ ಹೇಳೋದು," ಎಂದಳು ಅಜ್ಜಿ, ಕೆನ್ನೆ ಒತ್ತಿಕೊಂಡೇ. "ಮೊಮ್ಮಗನ ಬೀಗರೂಟದಲ್ಲಿ ಸಾರು ಕುಡ್ಕೊಂಡು ಕೂತ್ಕೊಳ್ಳಾ? ಎಡಗಡೇವೆಲ್ಲ ಕೊಟ್ಟಿದ್ದೀನಿ. ಇದನ್ನ ಕೊಡಲ್ಲ."

ನಾನು ಚಿಂತಾಮಣಿಯಲ್ಲಿ ಬಿಎಸ್ಸಿ ಎರಡನೇ ವರ್ಷ ಓದುತ್ತಿದ್ದೆ. ಕ್ಲಾಸಿನ ಶಿರೀಷಾ ಅಲ್ಲಿಯೇ ಒಂದು ಕ್ಲಿನಿಕ್ಕಿನಲ್ಲಿ ರೂಟ್ ಕೆನಾಲ್ ಮಾಡಿಸಿಕೊಂಡು ಹಲ್ಲು ಉಳಿಸಿಕೊಂಡಿದ್ದಳು. ಅದನ್ನು ಊಟದ ಹೊತ್ತಿನಲ್ಲಿ ಬಾಯಿ ತಪ್ಪಿ ಹೇಳಿದೆ. ಮರುದಿನ ಬೆಳಿಗ್ಗೆ ಅಜ್ಜಿ ಇಸ್ತ್ರಿ ಸೀರೆಯುಟ್ಟು, ಕೆನ್ನೆಗೆ ಸೆರಗು ಒತ್ತಿಕೊಂಡು, ಬಾಗಿಲಲ್ಲಿ ನನ್ನ ಚಪ್ಪಲಿಯ ಪಕ್ಕ ನಿಂತಿದ್ದಳು.

ಕ್ಲಿನಿಕ್ಕು ಬೀಜ-ಗೊಬ್ಬರದ ಅಂಗಡಿಯೊಂದರ ಮಹಡಿಯ ಮೇಲಿತ್ತು. ಡಾಕ್ಟರ ಹೆಸರು ಕಲ್ಯಾಣಿ. ಮೂವತ್ತರ ಆಸುಪಾಸು. ನಮ್ಮ ಊರು, ಕಸುಬು ಎಲ್ಲ ಕೇಳಿ ಚೀಟಿಯಲ್ಲಿ ಬರೆದುಕೊಂಡರು. ಕುರ್ಚಿಯ ಎದುರಿನ ಗೋಡೆಯ ಮೇಲೆ ಬುದ್ಧನ ಚಿತ್ರ, ಅದರ ಕೆಳಗೆ ದವಡೆಯ ಪ್ಲಾಸ್ಟಿಕ್ ಮಾದರಿ. ಅಜ್ಜಿ ಎರಡನ್ನೂ ನೋಡಿದಳು.

"ಯಾವೂರಮ್ಮ ನಿಂದು?"

"ಮಂಡಿಕಲ್ ಹತ್ರ ಅಜ್ಜಿ."

"ಯಾರ ಪೈಕಿ?"

ಡಾಕ್ಟರು ಕೈಗವಸು ಎಳೆದುಕೊಳ್ಳುತ್ತಿದ್ದರು. ಎಳೆದು ಮುಗಿಸಿ ಹೇಳಿದರು. "ನಲ್ಲಪ್ಪನ ಮಗಳು. ನಮ್ಮಮ್ಮ ಗಂಗುಲಮ್ಮ. ಹದಿನೈದು ವರ್ಷ ನಿಮ್ಮ ಶಿಡ್ಲಘಟ್ಟದಲ್ಲೇ ಬಾಡಿಗೆ ಮನೇಲಿದ್ದು ನೂಲು ಬಿಚ್ಚಿದ್ರು. ಬಾಯಿ ತೆಗೀರಿ."

ಅಜ್ಜಿ ಬಾಯಿ ತೆಗೆದಳು.

ಡಾಕ್ಟರು ಸಣ್ಣ ಕನ್ನಡಿ ಹಿಡಿದು ನೋಡಿದರು. ಕಡ್ಡಿಯ ಹಿಡಿಯಿಂದ ಹಲ್ಲಿನ ಮೇಲೆ ಮೆಲ್ಲಗೆ ತಟ್ಟಿದರು. ಅಜ್ಜಿ ಕುರ್ಚಿಯಿಂದ ಒಂದು ಗೇಣು ಮೇಲೆದ್ದಳು. ಎಕ್ಸ್‌ರೇ ತೆಗೆದು ಕಂಪ್ಯೂಟರಿನ ಪರದೆಯನ್ನು ನಮ್ಮ ಕಡೆ ತಿರುಗಿಸಿದರು. ಹಲ್ಲು ಬೆಳ್ಳಗಿತ್ತು. ಮೇಲಿನಿಂದ ಒಂದು ಕಪ್ಪು ಗುರುತು ಒಳಕ್ಕೆ ಇಳಿದು ನಡುವಿನವರೆಗೆ ಹೋಗಿತ್ತು.

"ಕೀಳಲೇಬೇಕಾ?" ಎಂದಳು ಅಜ್ಜಿ. ಅಷ್ಟು ಸಣ್ಣ ದನಿಯಲ್ಲಿ ಅವಳು ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

"ಬೇಡ. ಬೇರು ಗಟ್ಟಿಯಾಗಿದೆ, ಉಳಿಸ್ಬೋದು." ಡಾಕ್ಟರು ಸ್ಟೂಲು ಎಳೆದುಕೊಂಡು ಕೂತರು. "ನಿಮಗೆ ಹೆಂಗೆ ಹೇಳ್ಲಿ ಅಂದ್ರೆ... ಗೂಡು ಇದೆಯಲ್ಲ ಅಜ್ಜಿ, ಹಲ್ಲೂ ಹಂಗೇ. ಹೊರಗಡೆ ಗಟ್ಟಿ ಚಿಪ್ಪು. ಒಳಗಡೆ ಜೀವ ಇರೋದು, ನರ, ರಕ್ತ ಎಲ್ಲ. ಈಗ ಚಿಪ್ಪು ಕೊರ್ಕೊಂಡು ಕೆಟ್ಟಿದ್ದು ಒಳಗೋಗಿದೆ. ಒಳಗಿರೋದು ಊದ್ಕೊಂಡಿದೆ. ಊದ್ಕೊಳ್ಳಕ್ಕೆ ಅಲ್ಲಿ ಜಾಗ ಇಲ್ಲ. ಅದಕ್ಕೇ ಇಷ್ಟು ನೋವು."

"ಗೂಡೊಳಗಿನ ಹುಳ ಇದ್ದಂಗೆ."

"ಹೂಂ. ಆ ಹುಳ ತೆಗೆದಾಕ್ತೀನಿ. ಗೂಡು ಉಳ್ಕೊಳ್ತದೆ."

"ಹುಳ ಹೋದ್ರೆ ನೋವಿರಲ್ಲ?"

"ಇರಲ್ಲ."

"ಇಷ್ಟೇನಾ!" ಅಜ್ಜಿ ನನ್ನ ಕಡೆ ತಿರುಗಿದಳು. "ದಿನಾ ನಾವು ಮಾಡೋ ಕೆಲ್ಸ ಕಣೇ ಇದು. ಇದಕ್ಕೆ ಐದು ವರ್ಷ ಓದ್ತಾರಾ?"

ಡಾಕ್ಟರು ನಕ್ಕರು. ಇಂಜೆಕ್ಷನ್ ಕೊಟ್ಟು, ಅದು ಹಿಡಿಯುವವರೆಗೆ ಮುಂದಿನದನ್ನು ಹೇಳಿದರು. ಇವತ್ತು ಒಳಗಿನದನ್ನು ತೆಗೆದು ತೊಳೆದು ಔಷಧಿ ಇಟ್ಟು ತಾತ್ಕಾಲಿಕವಾಗಿ ಮುಚ್ಚುವುದು. ಮುಂದಿನ ವಾರ ಬೇರಿನ ಕಾಲುವೆಗಳಿಗೆ ರಬ್ಬರಿನಂಥ ಕಡ್ಡಿ ತುಂಬಿ ಭದ್ರ ಮಾಡುವುದು. ಆಮೇಲೆ ಮೇಲೊಂದು ಕ್ಯಾಪ್. ನಾನು ಕೇಳಿಸಿಕೊಂಡೆ. ಅಜ್ಜಿ ಹೂಂ ಹೂಂ ಎನ್ನುತ್ತಿದ್ದಳಾದರೂ ಅಷ್ಟರಲ್ಲಿ ಅರ್ಧ ತುಟಿ ಮರಗಟ್ಟಿತ್ತು. ಅದನ್ನು ಬೆರಳಿನಿಂದ ಮುಟ್ಟಿ, ಚಿವುಟಿ, ಅಲ್ಲೇ ಇದೆಯೇ ಎಂದು ನೋಡಿಕೊಳ್ಳುವುದರಲ್ಲಿ ಅವಳ ಗಮನವೆಲ್ಲ ಇತ್ತು.

ಮುಕ್ಕಾಲು ಗಂಟೆ ಹಿಡಿಯಿತು. ಕೂದಲಿನಷ್ಟು ಸಣ್ಣ ಸೂಜಿಗಳನ್ನು ಒಂದಾದ ಮೇಲೊಂದು ಹಲ್ಲಿನೊಳಕ್ಕೆ ಇಳಿಸಿ ತೆಗೆದರು. ಒಂದು ಸೂಜಿಯ ತುದಿಗೆ ಕೆಂಪಗೆ, ದಾರದ ಎಳೆಯಂಥದ್ದು ಅಂಟಿಕೊಂಡು ಬಂತು. ಡಾಕ್ಟರು ಅದನ್ನು ಹತ್ತಿಯ ಮೇಲಿಟ್ಟು ತೋರಿಸಿದರು.

"ಇಷ್ಟುದ್ದದ್ದಾ ನನ್ನ ಹಿಂಗ್ ಕುಣಿಸಿದ್ದು?" ಎಂದಳು ಅಜ್ಜಿ, ಸೊಟ್ಟ ಬಾಯಿಯಲ್ಲಿ.

ಬಸ್ಸಿನಲ್ಲಿ ದಾರಿಯುದ್ದಕ್ಕೂ ತುಟಿ ಹಿಡಿದುಕೊಂಡೇ ಬಂದಳು. ಪಕ್ಕದಲ್ಲಿ ಟೊಮೊಟೊ ಬುಟ್ಟಿ ಇಟ್ಟುಕೊಂಡು ಕೂತಿದ್ದ ಹೆಂಗಸು "ಏಮೈಂದಮ್ಮಾ ನೋಟಿಕಿ?" ಎಂದು ಬಾಯಿ ತೋರಿಸಿ ತೆಲುಗಿನಲ್ಲಿ ಕೇಳಿದರೆ, ಅಜ್ಜಿಯೂ ತೆಲುಗಿನಲ್ಲೇ ಶಿಡ್ಲಘಟ್ಟ ಬರುವವರೆಗೆ ವಿವರಿಸಿದಳು. ಇಳಿಯುವ ಹೊತ್ತಿಗೆ ಆ ಹೆಂಗಸು ತನ್ನ ಬಾಯನ್ನೂ ತೆರೆದು ತೋರಿಸುತ್ತಿದ್ದಳು.

ಮರುದಿನ ನೋವಿರಲಿಲ್ಲ. ಅದರ ಮರುದಿನವೂ ಇರಲಿಲ್ಲ.

ಅಜ್ಜಿ ಈಗ ಊರಿನ ಹಲ್ಲುಗಳ ವಿಚಾರದಲ್ಲಿ ದೊಡ್ಡ ಮನುಷ್ಯಳಾದಳು. ಗೂಡು ತಂದುಕೊಟ್ಟ ಆಟೋದವನಿಗೆ, ನೂಲು ಒಯ್ಯಲು ಬಂದವರಿಗೆ, ಹಾಲು ಹಾಕುವವಳಿಗೆ, ಎಲ್ಲರಿಗೂ ಹೇಳಿದಳು. "ಕೀಳ್ಸಬೇಡಿ. ಹುಳ ತೆಗೆಸಿ. ನಂದು ನೋಡಿ," ಎಂದು ಬೆರಳಿನಿಂದ ಕೆನ್ನೆ ಎಳೆದು ತೋರಿಸುವಳು. ಮುನಿಶಾಮಿ ಮಾತ್ರ, "ಇನ್ನೊಂದ್ ಸಲ ತೋರ್ಸಿದ್ರೆ ನಾನು ಕೆಲ್ಸ ಬಿಡ್ತೀನಿ," ಎಂದ.

ಮುಂದಿನ ವಾರ ಬಂತು. ಅವತ್ತು ಅಪ್ಪ ದೊಡ್ಡ ಲಾಟು ಗೂಡು ತಂದಿದ್ದರು. ಒಂದೇ ಸಮ ಬೆಳ್ಳಗೆ, ಗಟ್ಟಿಯಾಗಿದ್ದವು. ಅವನ್ನು ಒಣಗಿಸುವುದನ್ನು ಬಿಟ್ಟು ಬರಲು ಅಜ್ಜಿ ಒಪ್ಪಲಿಲ್ಲ.

"ಡಾಕ್ಟ್ರು ಇವತ್ತೇ ಬರ್ಬೇಕು ಅಂದಿದ್ರು ಅಜ್ಜಿ," ಎಂದೆ.

"ಯಾತಕ್ಕೆ?"

"ಒಳಗೆ ತುಂಬ್ಬೇಕಂತೆ."

"ಹುಳ ಸತ್ತಿದೆಯಾ ಇಲ್ವಾ?"

"ಸತ್ತಿದೆ."

"ನೋವಿದೆಯಾ?"

"ನಿನ್ನ ಹಲ್ಲು, ನನ್ನ ಕೇಳ್ತೀಯಲ್ಲ."

"ಇಲ್ಲ. ನೋಡು ಇತ್ಲಾಗಿ." ಒಣಗಿದ ಗೂಡಿನ ಚೀಲಗಳಿದ್ದ ಕೋಣೆಯನ್ನು ತೋರಿಸಿದಳು. "ಹಸಿ ಗೂಡು ತಂದ್ರೆ ಮೂರು ದಿನದಲ್ಲಿ ಓಡಾಡ್ಬೇಕು, ಚಿಟ್ಟೆ ಬಂದ್ಬಿಡ್ತದೆ. ಹುಳ ಸತ್ತಿರೋ ಗೂಡು ಮೂರು ತಿಂಗ್ಳು, ಆರು ತಿಂಗ್ಳು ಇರ್ತದೆ. ನಾವೇನು ಅದಕ್ಕೆ ಜೋಗುಳ ಹಾಡ್ತೀವಾ? ಯಾವಾಗ ಬೇಕೋ ಆವಾಗ ತೆಗ್ದು ನೂಲು ಬಿಚ್ಚೋದು. ಒಣಗಿದ ಗೂಡಿಗೆ ಯಾವ ಅವಸರ? ಮದುವೆ ಮುಗೀಲಿ, ಹೋಗಣ."

ಕ್ಲಿನಿಕ್ಕಿನಿಂದ ಎರಡು ಸಲ ಫೋನ್ ಬಂತು. ಎರಡನೆಯದನ್ನು ಅಜ್ಜಿಯೇ ತೆಗೆದುಕೊಂಡು, ಇದನ್ನೇ ಮತ್ತೊಮ್ಮೆ ಹೇಳಿ, ನಿಮ್ಮ ಡಾಕ್ಟರಮ್ಮನಿಗೆ ಗೊತ್ತು, ಅವಳೇ ಹೇಳಿದ್ದು ಎಂದು ಸೇರಿಸಿದಳು. ಆ ಕಡೆಯ ಹುಡುಗಿ ಸರಿ ಮೇಡಂ ಎಂದಳು.

ನನಗೆ ಅನುಮಾನವಿತ್ತು. ಆದರೆ ಆ ವಾರ ಇಂಟರ್ನಲ್ಸ್ ಇದ್ದವು, ಅದರ ಮುಂದಿನ ವಾರ ಕಾಲೇಜು ಫೆಸ್ಟ್. ಅದರ ಮುಂದಿನ ವಾರ ಏನೂ ಇರಲಿಲ್ಲ. ಅಷ್ಟರಲ್ಲಿ ನನಗೂ ಅಜ್ಜಿಯ ವಾದ ಸರಿಯೆನಿಸಿತ್ತು.

ಏಪ್ರಿಲ್‌ನಲ್ಲಿ ಹುರಿಗಡಲೆ ತಿನ್ನುವಾಗ ಹಲ್ಲಿನ ಮೇಲೆ ಮುಚ್ಚಿದ್ದು ಉದುರಿತು. ಅಜ್ಜಿ ಅದನ್ನು ಅಂಗೈಯಲ್ಲಿಟ್ಟು ನೋಡಿ ಹಿತ್ತಲಿಗೆ ಎಸೆದಳು. ತಿಂದದ್ದು ತೂತಿನಲ್ಲಿ ಸಿಕ್ಕಿಕೊಂಡರೆ ಪಿನ್ನಿನಿಂದ ತೆಗೆದುಕೊಳ್ಳುತ್ತಿದ್ದಳು. ನೋವಿರಲಿಲ್ಲವಲ್ಲ.

ಮದುವೆಗೆ ಹನ್ನೊಂದು ದಿನ ಇದ್ದಾಗ ಕೆನ್ನೆ ಊದಿತು. ಬೆಳಿಗ್ಗೆ ಎದ್ದಾಗ ನಿಂಬೆಹಣ್ಣಿನಷ್ಟಿತ್ತು, ಮಧ್ಯಾಹ್ನಕ್ಕೆ ಬಲಗಣ್ಣು ಅರ್ಧ ಮುಚ್ಚಿತು. ಜ್ವರ. ನೋವು ಈಗ ಹಲ್ಲಿನಲ್ಲಿರಲಿಲ್ಲ, ಇಡೀ ದವಡೆಯಲ್ಲಿತ್ತು. ನುಂಗಲು ಆಗುತ್ತಿರಲಿಲ್ಲ. ಮುದ್ದೆಯೂ ಇಳಿಯಲಿಲ್ಲ.

"ಆವತ್ತೇ ಕೀಳ್ಸಿದ್ರೆ ಮುಗೀತಿತ್ತು," ಎಂದರು ಅಪ್ಪ, ಕಾರು ತೆಗೆಯುತ್ತಾ. ಅಜ್ಜಿ ಅವರ ಕಡೆ ಕೈ ಬೀಸಿದಳು. ಬಾಯಿ ಅಷ್ಟು ತೆರೆಯುತ್ತಿರಲಿಲ್ಲ.

ಡಾಕ್ಟರು ನಮ್ಮನ್ನು ನೋಡಿದೊಡನೆ, ಕೂತಿದ್ದವರಿಗೆ ಕ್ಷಮಿಸಿ ಎಂದು ಹೇಳಿ ಅಜ್ಜಿಯನ್ನು ಒಳಗೆ ಕರೆದರು. ಬೈಯುತ್ತಾರೆಂದು ನಾನು ಗೋಡೆಗೆ ಒತ್ತಿಕೊಂಡು ನಿಂತಿದ್ದೆ. ಬೈಯಲಿಲ್ಲ. ಜ್ವರ ನೋಡಿದರು, ಊತ ಒತ್ತಿ ನೋಡಿದರು, ಎಕ್ಸ್‌ರೇ ತೆಗೆದರು. ಬೇರಿನ ತುದಿಯಲ್ಲಿ ಈಗ ಹೊಸದಾಗಿ ಒಂದು ಕಪ್ಪು ಮೋಡದಂಥದ್ದು ಇತ್ತು. ಹಲ್ಲಿನ ತೂತನ್ನು ಸ್ವಲ್ಪ ದೊಡ್ಡದು ಮಾಡಿದರು. ಕೀವು ತಾನಾಗಿ ಮೇಲೆದ್ದು ಬಂತು. ವಾಸನೆ ನಾನಿದ್ದ ಗೋಡೆಯವರೆಗೂ ಬಂತು.

ಅಜ್ಜಿ ಕಣ್ಣು ಮುಚ್ಚಿಕೊಂಡಿದ್ದವಳು ತೆರೆದಳು. ಡಾಕ್ಟರ ಕೈ ಸರಿಸಿ, ಉಗುಳಿ ಬಂದಳು.

"ಈ ವಾಸ್ನೆ ನಂಗೊತ್ತು," ಎಂದಳು. "ಎರಡು ವರ್ಷದ ಕೆಳಗೆ ಮಳೇಲಿ ಕರೆಂಟ್ ಹೋಗಿ ಗೂಡು ಅರ್ಧ ಒಣಗಿತ್ತು. ಮುನಿಶಾಮಿ ನನ್ನ ಕೇಳ್ದಲೆ ಚೀಲಕ್ಕೆ ತುಂಬಿ ಕಟ್ಬಿಟ್ಟಿದ್ದ. ವಾರ ಬಿಟ್ಟು ಚೀಲ ಬಿಚ್ಚಿದ್ರೆ ಇದೇ ವಾಸ್ನೆ. ಹುಳ ಒಳಗೇ ಕರಗೋಗಿತ್ತು. ಗೂಡೆಲ್ಲ ಕರೀ ಮಚ್ಚೆ."

"ಅದೇ ಆಗಿರೋದು ಅಜ್ಜಿ."

"ಹುಳ ತೆಗೆದಿದ್ಯಲ್ಲಮ್ಮ ನೀನು? ತೋರ್ಸಿದೆ."

ಡಾಕ್ಟರು ಕೈಯಲ್ಲಿದ್ದ ಕನ್ನಡಿಯನ್ನು ತಟ್ಟೆಯಲ್ಲಿಟ್ಟರು. "ತೆಗ್ದೆ. ನಾನು ಗೂಡು ಅಂತ ಹೇಳಿ ಅಲ್ಲಿಗೇ ನಿಲ್ಲಿಸ್ಬಾರ್ದಿತ್ತು. ಗೂಡು ನಿಮ್ಮ ಕೋಣೇಲಿ ಒಣಗಿದ ಜಾಗದಲ್ಲಿರ್ತದೆ. ಹಲ್ಲು ಇರೋದು ಬಾಯೊಳಗೆ. ದಿನವೆಲ್ಲ ನೀರು, ಎಂಜಲು. ಹುಳ ತೆಗೆದ ಜಾಗ ಖಾಲಿ ಬಿಟ್ರೆ ಅದು ಖಾಲಿ ಇರಲ್ಲ, ಮೇಲಿಂದ ಇಳಿದಿದ್ದು ಅಲ್ಲೇ ಕೊಳೀತದೆ. ಅಲ್ಲಿಂದ ಮೂಳೆಗೆ. ನೋವು ಹೇಳೋ ನರಾನ ನಾನೇ ತೆಗೆದಿದ್ದೀನಿ, ಅದಕ್ಕೇ ನಿಮಗೆ ಗೊತ್ತಾಗ್ಲಿಲ್ಲ."

"ಅಂದ್ರೆ ಆವತ್ತು ಕೆಲ್ಸ ಮುಗ್ದಿರ್ಲಿಲ್ಲ."

"ಅರ್ಧ ಆಗಿತ್ತು."

ಅಜ್ಜಿ ನನ್ನ ಕಡೆ ನೋಡಿದಳು. ನಾನು ಪ್ಲಾಸ್ಟಿಕ್ ದವಡೆಯನ್ನು ನೋಡಿದೆ.

ಈಗ ಎರಡು ದಾರಿ ಇದೆ ಎಂದರು ಡಾಕ್ಟರು. ಔಷಧಿ ಕೊಟ್ಟು ಊತ ಇಳಿಸಿ ಹಲ್ಲು ಕಿತ್ತುಬಿಡುವುದು. ಮದುವೆಯ ಹೊತ್ತಿಗೆ ಗಾಯ ಮಾಗಿರುತ್ತದೆ, ಓಡಾಡಿಕೊಂಡಿರಬಹುದು. ಇಲ್ಲವಾದರೆ ಮತ್ತೆ ಮೊದಲಿನಿಂದ ಒಳಗೆಲ್ಲ ತೊಳೆದು, ಔಷಧಿ ಇಟ್ಟು, ಕೀವು ಪೂರ್ತಿ ನಿಂತ ಮೇಲೆ ತುಂಬಿ, ಕ್ಯಾಪ್ ಹಾಕುವುದು. ತಿಂಗಳ ಮೇಲಾಗುತ್ತದೆ. ಉಳಿಯುತ್ತದೆಂದು ಬರೆದುಕೊಡಲು ಆಗುವುದಿಲ್ಲ. ಕ್ಯಾಪ್ ಹಾಕುವವರೆಗೆ ಆ ಕಡೆ ಏನನ್ನೂ ಕಚ್ಚುವಂತಿಲ್ಲ.

"ಏನನ್ನೂ ಅಂದ್ರೆ?"

"ಚಪಾತೀನೂ. ಒಳಗೆ ಟೊಳ್ಳಾಗಿದೆ ಅಜ್ಜಿ, ಗೋಡೆ ತೆಳ್ಳಗಿದೆ. ಸೀಳಿದ್ರೆ ನನ್ನ ಕೈಯಲ್ಲಿ ಏನೂ ಇಲ್ಲ."

ಅಪ್ಪ ಬಾಗಿಲಲ್ಲಿ ನಿಂತು, "ಕೀಳ್ಸಮ್ಮ, ಮುಗೀಲಿ," ಎಂದರು. "ಹೆಂಗಿದ್ರೂ ಬೀಗರೂಟಕ್ಕೆ ಎರಡರಲ್ಲೂ ಮೂಳೆ ಇಲ್ಲ."

ಅಜ್ಜಿ ಊದಿದ ಕೆನ್ನೆಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದಳು. ಹೊರಗೆ ಯಾರೋ ಕೆಮ್ಮಿದರು. "ಒಂದು ಬೀಗರೂಟ ಹೋಗ್ಲಿ," ಎಂದಳು ಕೊನೆಗೆ. "ತೊಳೀಮ್ಮ."

ಮದುವೆಯ ಹೊತ್ತಿಗೆ ಊತ ಬಹುಪಾಲು ಇಳಿದಿತ್ತು. ಎರಡು ಸಲ ತೊಳೆದಾಗಿತ್ತು, ಹಲ್ಲಿನೊಳಗೆ ಔಷಧಿ, ಮೇಲೆ ಮತ್ತೆ ತಾತ್ಕಾಲಿಕ ಮುಚ್ಚಳ. ಫೋಟೋಗಳಲ್ಲಿ ಅಜ್ಜಿ ಎಲ್ಲದರಲ್ಲೂ ಎಡಗೆನ್ನೆಯನ್ನೇ ಮುಂದೆ ಮಾಡಿದ್ದಾಳೆ.

ಬೀಗರೂಟ ಗೌರಿಬಿದನೂರಿನಲ್ಲಿ, ಹೆಣ್ಣಿನ ಮನೆಯವರ ಕಲ್ಯಾಣ ಮಂಟಪದ ಹಿಂದಿನ ಶೆಡ್ಡಿನಲ್ಲಿ ನಡೆಯಿತು. ಗಂಡಿನ ಕಡೆಯವರಿಗೆ ಮೊದಲ ಪಂಕ್ತಿ. ಬಿಸಿ ಮುದ್ದೆ, ಮಟನ್ ಸಾರು, ಚಾಪ್ಸು, ಬಿರಿಯಾನಿ. ನಾನು ಅಜ್ಜಿಯ ಪಕ್ಕದಲ್ಲೇ ಕೂತೆ. ಹಲ್ಲಿನ ವಿಷಯ ಬೀಗರಿಗೆ ಗೊತ್ತಿರಲಿಲ್ಲ. ರೂಟ್ ಕೆನಾಲಿನ ಬಗ್ಗೆ ಊರಿಗೆಲ್ಲ ಹೇಳಿದ ಮೇಲೆ ಅದು ಹೀಗಾಯಿತೆಂದು ಹೇಳಿಕೊಳ್ಳಲು ಅಜ್ಜಿಗೆ ಮನಸ್ಸಿರಲಿಲ್ಲ. ಸಾರು ಹಾಕಿಸಿಕೊಂಡು, ಮುದ್ದೆ ನುಂಗಿ, ಹೊಟ್ಟೆ ತುಂಬಿತೆಂದು ಎದ್ದುಬಿಡುವುದು ಅವಳ ಯೋಚನೆ.

ಆದರೆ ಹೆಣ್ಣಿನ ಅಜ್ಜಿ ಕೊಂಡಮ್ಮ ತಾವೇ ಒಂದು ಸ್ಟೀಲ್ ಬಟ್ಟಲು ಹಿಡಿದುಕೊಂಡು ಬಂದರು. ಬಟ್ಟಲಲ್ಲಿ ಗೇಣುದ್ದದ ನಲ್ಲಿಮೂಳೆ, ಒಂದೇ.

"ಅಕ್ಕಯ್ಯಮ್ಮನೋರೆ, ಇದು ನಿಮಗೇಂತಲೇ ಎತ್ತಿಟ್ಟಿದ್ದು. ಬಡಿಸೋ ಹುಡುಗ್ರ ಕೈಗೆ ಕೊಟ್ಟಿರ್ಲಿಲ್ಲ. ನಿಮ್ಮ ವಿಡಿಯೋ ನಮ್ಮನೇಲಿ ಎಲ್ರೂ ನೋಡಿದ್ದೀವಿ. ಎಲ್ಲಿ, ಕಣ್ಣೆದುರಿಗೇ ನೋಡಣ."

ಎದುರಿನ ಸಾಲು ತಿನ್ನುವುದನ್ನು ನಿಲ್ಲಿಸಿತು. ಚಿಕ್ಕಪ್ಪ ಎಡಗೈಯಿಂದ ಫೋನು ತೆಗೆದರು.

ಅಜ್ಜಿ ಮೂಳೆಯನ್ನು ಎರಡೂ ಕೈಯಲ್ಲಿ ಹಿಡಿದಳು. ತಲೆ ತಾನಾಗಿ ಬಲಕ್ಕೆ ವಾಲಿತು. ನಾನು ಅವಳ ಸೀರೆಯ ಅಂಚನ್ನು ಕೆಳಗಿನಿಂದ ಎಳೆದೆ. ಅವಳು ನನ್ನ ಕೈಯನ್ನು ಮೊಣಕೈಯಿಂದ ತಳ್ಳಿದಳು. ಮೂಳೆ ತುಟಿಯ ಹತ್ತಿರ ಹೋಯಿತು. ಸ್ವಲ್ಪ ಹೊತ್ತು ಅಲ್ಲೇ ಇತ್ತು. ಆಮೇಲೆ ಅವಳು ಅದನ್ನು ವಾಪಸ್ ಬಟ್ಟಲಿಗೆ ಹಾಕಿದಳು.

"ಯಾಕೆ, ನಮ್ಮನೆ ಮೂಳೆ ಆಗಲ್ವಾ?" ಕೊಂಡಮ್ಮನ ದನಿ ಸ್ವಲ್ಪ ಬದಲಾಗಿತ್ತು.

"ಆಗಲ್ಲ ಅಂತಲ್ಲ. ಹಲ್ಲು ಅರ್ಧ ಕೆಲ್ಸದಲ್ಲಿದೆ. ಹುಳ ತೆಗೆಸಿ, ಮುಚ್ಚಿಸ್ದಲೆ ಎರಡು ತಿಂಗ್ಳು ಕೂತ್ಕೊಂಡೆ. ನಂದೇ ತಪ್ಪು. ಕೀವಾಯ್ತು. ಈಗ ಕಚ್ಚಿದ್ರೆ ಸೀಳ್ತದೆ."

"ಹಂಗಾದ್ರೆ ಆ ವಿಡಿಯೋ ಸುಳ್ಳಾ?"

"ಸುಳ್ಳಲ್ಲ ಕಣಮ್ಮ. ಹಳೇದು."

ಯಾರೋ ನಕ್ಕರು. ಕೊಂಡಮ್ಮನೂ ನಗಬೇಕೋ ಬೇಡವೋ ಎಂದು ನೋಡಿ ಕೊನೆಗೆ ನಕ್ಕರು. ಬಟ್ಟಲು ಅವರ ಕೈಯಲ್ಲೇ ಉಳಿದಿತ್ತು. ಅದನ್ನು ಮದುಮಗನ ಎಲೆಗೆ ಸುರಿದು ಹೋದರು. ಚಿಕ್ಕಪ್ಪ ಫೋನು ಒಳಗಿಟ್ಟರು. ಸಾಲು ಮತ್ತೆ ತಿನ್ನತೊಡಗಿತು. ಸುತ್ತಲೂ ಮೂಳೆಗಳು ಒಡೆಯುವ ಸದ್ದು. ಅಜ್ಜಿ ಮುದ್ದೆಯನ್ನು ಮುರಿದು ಸಾರಿನಲ್ಲದ್ದಿ ಎಡಗಡೆಯಿಂದ ನುಂಗಿದಳು. ಎರಡನೇ ಮುದ್ದೆಯನ್ನೂ ಹಾಕಿಸಿಕೊಂಡಳು.

ಜೂನ್‌ನಲ್ಲಿ ಬೇರಿಗೆ ತುಂಬಿದರು. ಹತ್ತು ದಿನ ಬಿಟ್ಟು ಕ್ಯಾಪ್. ಒಂದು ತಾರೀಖನ್ನೂ ತಪ್ಪಿಸಲಿಲ್ಲ. ಒಂದು ಸಲ ಅಪ್ಪ, "ಇವತ್ತು ಲಾಟು ಬತ್ತಾ ಇದೆಯಲ್ಲಮ್ಮ," ಎಂದರೆ, "ಮುನಿಶಾಮಿ ನೋಡ್ಕೊಳ್ತಾನೆ," ಎಂದು ಹೇಳಿ, ಮುನಿಶಾಮಿಯ ಕಿವಿಯ ಹತ್ತಿರ ನಾಲ್ಕು ಗೂಡು ಅಲುಗಿಸಿ ಕೇಳಿಸಿ ಬಂದಿದ್ದಳು.

ಕ್ಯಾಪ್ ಕೂರಿಸಿದ ದಿನ ಡಾಕ್ಟರು ನೀಲಿ ಕಾಗದದ ಚೂರೊಂದನ್ನು ಹಲ್ಲುಗಳ ನಡುವೆ ಇಟ್ಟು, "ಕಚ್ಚಿ," ಎಂದರು. ಅಜ್ಜಿ ಅವರ ಮುಖ ನೋಡಿದಳು.

"ನಿಜವಾಗ್ಲೂ?"

"ಕಚ್ಚಿ ಅಜ್ಜಿ."

ಕಚ್ಚಿದಳು. ನೀಲಿ ಗುರುತು ಬಿದ್ದ ಕಡೆ ಡಾಕ್ಟರು ಸ್ವಲ್ಪ ಉಜ್ಜಿ, ಮತ್ತೆ ಕಚ್ಚಿಸಿ, ಸರಿಯಾಯಿತು ಎಂದರು. ಎಕ್ಸ್‌ರೇಯಲ್ಲಿ ಬೇರಿನ ಬುಡದ ಕಪ್ಪು ಚಿಕ್ಕದಾಗಿತ್ತು. ಪೂರ್ತಿ ಹೋಗಿರಲಿಲ್ಲ. ಮೂಳೆ ತುಂಬಿಕೊಳ್ಳಲು ತಿಂಗಳುಗಳು ಬೇಕು, ಸದ್ಯಕ್ಕೆ ಹಲ್ಲು ನಿಂತಿದೆ ಎಂದರು.

ಅಜ್ಜಿ ಕುರ್ಚಿಯಿಂದ ಇಳಿಯಲಿಲ್ಲ. "ಮೂಳೆ ಯಾವತ್ತಿಂದ ತಿನ್ಬೋದು?"

"ಯಾವ ಮೂಳೆ?"

"ನಲ್ಲಿಮೂಳೆ."

ಡಾಕ್ಟರು ಕೈಗವಸು ಬಿಚ್ಚುತ್ತಿದ್ದವರು ನಿಲ್ಲಿಸಿದರು. "ಅದು ಬೇಡ. ಯಾವತ್ತೂ ಬೇಡ. ಕ್ಯಾಪ್ ಒಡೆದ್ರೆ ಇನ್ನೊಂದು ಹಾಕ್ಬೋದು. ಬೇರು ಸೀಳಿದ್ರೆ ಕೀಳೋದೇ."

ಅಜ್ಜಿ ನಾಲಿಗೆಯಿಂದ ಹೊಸ ಕ್ಯಾಪನ್ನು ಸವರಿ ನೋಡಿದಳು. ಒಂದು ಸಲ, ಎರಡು ಸಲ.

"ಹಂಗಾದ್ರೆ ಇಷ್ಟೆಲ್ಲ ಯಾಕೆ ಮಾಡ್ಸಿದೆ ನನ್ ಕೈಲಿ?"

"ಹಲ್ಲು ಉಳೀಬೇಕು ಅಂದ್ರಿ. ಉಳಿಸಿದ್ದೀನಿ. ಮಾಂಸ ತಿನ್ನಿ, ಕಡಲೆಕಾಯಿ ತಿನ್ನಿ, ಮಾತಾಡಿ. ಮೂಳೆ ಒಂದು ಬಿಡಿ."

ಕೆಳಗೆ ಅಂಗಡಿಯಲ್ಲಿ ಗೊಬ್ಬರದ ಚೀಲ ಇಳಿಸುವ ಸದ್ದು ಬರುತ್ತಿತ್ತು.

"ಪಕ್ಕೆ ಮೂಳೆ?" ಎಂದಳು ಅಜ್ಜಿ.

"ಬೇಡ."

"ಎದೆ ಮೂಳೆ? ಎಳೇದು. ಚೆನ್ನಾಗ್ ಬೇಯಿಸಿದ್ರೆ ಬೆಣ್ಣೆ ಇದ್ದಂಗಿರ್ತದೆ."

"ಬೆಣ್ಣೆ ಇದ್ದಂಗಿದ್ರೆ ತಿನ್ನಿ."

"ಕೋಳಿ ಕಾಲು?"

"ತುದಿ ಮಾತ್ರ."

"ಪೂರ್ತಿ."

"ಅಜ್ಜಿ, ತುದಿ."

"ಅರ್ಧ."

ಡಾಕ್ಟರು ನನ್ನ ಕಡೆ ನೋಡಿದರು. ನಾನು ಈ ವ್ಯವಹಾರಕ್ಕೆ ಸೇರಿದವಳಲ್ಲ ಎಂಬಂತೆ ನಿಂತಿದ್ದೆ. ಅವರು ಚೀಟಿಯ ಮೇಲೆ ಏನೋ ಬರೆದು, "ಆರು ತಿಂಗಳಿಗೆ ಬನ್ನಿ. ಎಕ್ಸ್‌ರೇಲಿ ಪೂರ್ತಿ ವಾಸಿಯಾಗಿದ್ರೆ ಕೋಳಿ ಕಾಲಿನ ವಿಷ್ಯ ಮಾತಾಡಣ," ಎಂದರು.

ಅಜ್ಜಿ ಚೀಟಿಯನ್ನು ಇಸಿದುಕೊಂಡು ನನ್ನ ಕೈಗೆ ಕೊಟ್ಟಳು. "ತಾರೀಖು ಫೋನಲ್ಲಿ ಹಾಕ್ಕೊಳ್ಳೇ ಹರಿತಮ್ಮ. ಈಗ್ಲೇ, ನನ್ನ ಮುಂದೇನೇ."

ಹಾಕಿಕೊಂಡೆ.

"ಒಂದಿನ ಮುಂಚೆ ಬಂದ್ರೆ ನೋಡ್ತಾರಾ ಕೇಳು," ಎಂದಳು.